ಹೆಸರು ಕಳೆದುಕೊಂಡ ಅಶೋಕ

ಬೆಳಗಾವಿಯ ಬೀದಿಗಳಲ್ಲಿ, ಮನೆಗಳ ಅಂಗಳಗಳಲ್ಲಿ ಗೋಪುರದಂತೆ ನೆಟ್ಟಗೆ ನಿಂತ ಹಸುರು ಮರವನ್ನು ನಾವೆಲ್ಲರೂ ಅಶೋಕವೆಂದು ಕರೆಯುತ್ತೇವೆ. ಕಾಲೇಜಿನಲ್ಲಿ 'ಮಾಲವಿಕಾಗ್ನಿಮಿತ್ರ'ವನ್ನು ಪಾಠ ಹೇಳುವಾಗ, ಕಿಟಕಿಯಾಚೆಗೆ ಬೆರಳು ಚಾಚಿ ಆ ಮರವನ್ನೇ ಹುಡುಗರಿಗೆ ತೋರಿಸಿದ ತಪ್ಪು ನಮ್ಮದೂ ಉಂಟು. ಅದು ಸೀತಾಫಲದ ಕುಲಕ್ಕೆ ಸೇರಿದ ಬೇರೊಂದು ಮರ; ಅದರ ಹಸುರು ಹೂ ಎಲೆಗಳ ನಡುವೆ ಕಣ್ಣಿಗೂ ಬೀಳದು.

ನಿಜವಾದ ಅಶೋಕವು ಅವರೆ, ಹುಣಸೆಗಳ ಕುಲದ್ದು. ಸಹ್ಯಾದ್ರಿಯ ಮಳೆಕಾಡಿನಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ, ಹಳ್ಳದ ದಂಡೆಯಲ್ಲಿ ಅದರ ವಾಸ. ಖಾನಾಪುರದಿಂದ ಹೆಮ್ಮಡಗದ ಕಡೆಗೆ ನಡೆದರೆ ಅಂತಹ ಕಾಡು ಎದುರಾಗುವುದು. ಅಶೋಕದ ಎಳೆಯ ಚಿಗುರು ತಾಮ್ರವರ್ಣದಿಂದ ಜೋಲುತ್ತದೆ. ಹೂವಿಗೆ ದಳಗಳೇ ಇಲ್ಲ. ಬಣ್ಣವೇರಿದ ನಾಲ್ಕು ಪುಷ್ಪಪತ್ರಗಳು ಮೊದಲು ಕಿತ್ತಳೆಯಾಗಿ, ಬಳಿಕ ಕೆಂಪಾಗಿ, ಕೊಂಬೆಗಳಿಗೇ ಅಂಟಿಕೊಂಡ ಗೊಂಚಲುಗಳಲ್ಲಿ ತುಂಬಿ ನಿಲ್ಲುವುವು. ಕಾಳಿದಾಸನ ನಾಟಕದಲ್ಲಿ ರಾಣಿ ಧಾರಿಣಿಯ ಕಾಲು ನೊಂದಿದ್ದುದರಿಂದ ಆಕೆಗೆ ಬದಲಾಗಿ ಮಾಲವಿಕೆಯು ಪಾದದಿಂದ ಸೋಕಿ ಅರಳಿಸಬೇಕಾಗಿದ್ದುದು ಈ ಮರವನ್ನು.

ಇದರ ಹೆಸರಿನ ಇತಿಹಾಸ ವಿಚಿತ್ರವಾದುದು. 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸರ ಗೌರವಾರ್ಥವಾಗಿ, ಸಸ್ಯಶಾಸ್ತ್ರಜ್ಞ ರಾಕ್ಸ್‌ಬರೋ 1795ರಲ್ಲಿ ಇದನ್ನು 'ಜೋನೇಸಿಯ ಅಶೋಕ' ಎಂದು ಕರೆದರು. ಮುಂದೆ ಪಂಡಿತರು, ಲಿನಿಯಸ್ 1767ರಲ್ಲಿ ಹೆಸರಿಸಿದ್ದ 'ಸರಾಕ ಇಂಡಿಕ'ವೇ ಇದೆಂದು ಭಾವಿಸಿದರು. ಲಿನಿಯಸ್ಸನ ಮರ ಜಾವಾದ್ದು, ನಮ್ಮದು ಬೇರೆ ಎಂಬುದನ್ನು ಡಿ ವಿಲ್ಡೆ ಎಂಬ ವಿದ್ವಾಂಸರು ಸ್ಥಾಪಿಸಿ, ಇದಕ್ಕೆ 'ಸರಾಕ ಅಶೋಕ' ಎಂಬ ಹೆಸರನ್ನು ನಿಲ್ಲಿಸಿದರು. ಹೀಗೆ ಲ್ಯಾಟಿನಿನ ಗ್ರಂಥಗಳಲ್ಲಿ ಉಳಿದುಕೊಂಡ ಸಂಸ್ಕೃತದ ಹೆಸರು ನಮ್ಮ ಬೀದಿಗಳಲ್ಲಿ ಪರರ ಪಾಲಾಯಿತು!

ಹೆಸರಿನಲ್ಲೇನಿದೆ ಎಂದು ಕೇಳಬಹುದು. ಅಶೋಕದ ತೊಗಟೆ ಸ್ತ್ರೀರೋಗಗಳಿಗೆ ಆಯುರ್ವೇದದ ಪ್ರಸಿದ್ಧ ಮದ್ದು. ಅಶೋಕಾರಿಷ್ಟವನ್ನು ಕೇಳದ ಮನೆ ಅಪರೂಪ. ಎಲೆಗಳಲ್ಲಿ ಸಿದ್ಧವಾದ ಆಹಾರವು ಬೇರಿಗಿಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ಸುಲಿದರೆ ಮರವೇ ಸಾಯುತ್ತದೆ. 1998ರಲ್ಲಿ ಈ ಮರವು ಅಪಾಯಕ್ಕೀಡಾದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಇತ್ತ ಅಸಲು ತೊಗಟೆ ದುರ್ಲಭವಾದಂತೆ, ಅಂಗಡಿಗೆ ಬೀದಿಮರದ ತೊಗಟೆಯೂ ಅಶೋಕದ ಹೆಸರಿನಲ್ಲೇ ಬಂದಿತು. ಪುಡಿಯಾದ ಮೇಲೆ ಕಣ್ಣಿನಿಂದ ಗುರುತಿಸುವುದು ಕಷ್ಟ. ಬೆಳಗಾವಿಯಲ್ಲಿಯೇ ಇರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆಯ ಸಂಶೋಧಕರು, ರಾಸಾಯನಿಕ ಲಕ್ಷಣಗಳಿಂದಲೂ ವಂಶಧಾತುವಿನ ಪರೀಕ್ಷೆಯಿಂದಲೂ ಅಸಲು ನಕಲುಗಳನ್ನು ಬೇರ್ಪಡಿಸುವ ಕ್ರಮವನ್ನು ಪ್ರಕಟಿಸಿದರು. ಹೆಸರು ತಪ್ಪಿದರೆ ಕಾಡಿನ ಮರಕ್ಕೂ ಕೇಡು, ಮದ್ದನ್ನು ನಂಬಿದ ರೋಗಿಗೂ ಮೋಸ.

ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡು 2011ರಲ್ಲಿ ಅಭಯಾರಣ್ಯವಾಯಿತು. ಕಾಡನ್ನು ಕಾಯುವುದು ಸರ್ಕಾರದ ಕೆಲಸವಾದರೆ, ಹೆಸರನ್ನು ಕಾಯುವುದು ಓದುಬರಹ ಬಲ್ಲ ನಮ್ಮೆಲ್ಲರ ಕೆಲಸ. ಬೀದಿಯ ಮರಕ್ಕೆ ಅದರ ನಿಲುವಿನ ಅಂದವೇ ಸಾಕು. ಮುಂದಿನ ವಸಂತದಲ್ಲಿ ಹಳ್ಳದ ದಂಡೆಯ ಕೆಂಪು ಗೊಂಚಲನ್ನು ತೋರಿಸಿ, ಮಕ್ಕಳಿಗೆ ಹೇಳೋಣ: ಇದು ಅಶೋಕ.