ಶಾಸ್ತ್ರರಕ್ಷಣೆಯಲ್ಲಿ ವಿವೇಕ

ಮೂಡುಬಿದಿರೆಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲಾ ಟೀಕೆಯ ಮೊದಲ ಸಂಪುಟವು 1939ರಲ್ಲಿ ಮುದ್ರಣ ಕಂಡಿತು. ಆದರೆ ಮುದ್ರಿತ ಕಾಗದದ ಆಯುಷ್ಯ ಅಲ್ಪ. ಅದರೊಳಗಿನ ಆಮ್ಲವೇ ಅದನ್ನು ಪುಡಿಯಾಗಿಸುತ್ತದೆ.

1930ರ ದಶಕದಲ್ಲಿ ಅಮೆರಿಕದ ವಿಲಿಯಂ ಬ್ಯಾರೋ ಅವರು ಹಾಳೆಯನ್ನು ಸೆಲ್ಯುಲೋಸ್ ಅಸಿಟೇಟ್ ಪೊರೆಗಳ ನಡುವೆ ಇರಿಸಿ ಶಾಖ, ಒತ್ತಡಗಳಿಂದ ಬೆಸೆಯುವ ಲ್ಯಾಮಿನೇಷನ್ ಯಂತ್ರವನ್ನು ರೂಪಿಸಿದರು. 1950ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರವು ಯಂತ್ರವಿಲ್ಲದೆ, ಅಸಿಟೋನ್ ಸವರಿ ಕೈಯಿಂದಲೇ ಬೆಸೆಯುವ ಕ್ರಮವನ್ನು ಬಳಕೆಗೆ ತಂದಿತು. ಆದರೆ ಆಮ್ಲ ನೀಗಿಸದೆ ಹೊದಿಸಿದ ಹಾಳೆಯು ಒಳಗೊಳಗೇ ಕ್ಷಯಿಸುವುದೆಂದು ಬ್ಯಾರೋ ಅವರೇ ಕಂಡುಕೊಂಡರು. ಮುಂದೆ ಪಾಲಿಯೆಸ್ಟರ್ ಹಾಳೆಗಳ ಅಂಚನ್ನು ಮಾತ್ರ ಮುಚ್ಚುವ ಪದ್ಧತಿ ಬಂದಿತು; ಅಂಚು ಕತ್ತರಿಸಿದರೆ ಮೂಲಪತ್ರವು ಹಾಗೆಯೇ ಕೈಸೇರುತ್ತದೆ.

ಬಸದಿಯ ಹಳೆಯ ದಾನಪತ್ರವನ್ನು ಅಂಗಡಿಯ ಬಿಸಿ ಯಂತ್ರಕ್ಕೆ ಒಪ್ಪಿಸುವ ಮುನ್ನ ವಿಶ್ವಸ್ಥರು ಇದನ್ನು ನೆನೆಯಬೇಕು. ಲ್ಯಾಮಿನೇಷನ್ ನಕಲಿಗಿರಲಿ, ಮೂಲಕ್ಕೆ ಬೇಡ. ಮುಂದಿನ ಪೀಳಿಗೆ ಬಿಡಿಸಲಾಗದ ಬಂಧನವು ರಕ್ಷಣೆಯಲ್ಲ.