ನಂಜನಗೂಡಿನ ತಿರುಮಲಾಂಬ

ಸಂಜೆಯ ಧಾರಾವಾಹಿಯಲ್ಲಿ ಕಣ್ಣೀರಿಟ್ಟೇ ಗಂಡನ ಮನಸ್ಸು ಗೆಲ್ಲುವ ನಾಯಕಿಯನ್ನು ನೀವು ಬಲ್ಲಿರಿ. ಅವಳ ಹಿರಿಯಕ್ಕನನ್ನು ಕಾಣಬೇಕೆಂದರೆ ಕಪಿಲೆಯ ದಡದ ನಂಜನಗೂಡಿಗೆ ಬನ್ನಿ. 1887ರಲ್ಲಿ ಇಲ್ಲಿ ಜನಿಸಿದ ತಿರುಮಲಾಂಬ 10ನೆಯ ವಯಸ್ಸಿಗೆ ಮದುವೆಯಾಗಿ 14ಕ್ಕೆ ವಿಧವೆಯಾದರು. ತಂದೆಯ ಆಸರೆಯಲ್ಲಿ ಓದಿದರು. 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ತೆರೆದು 'ಸುಶೀಲೆ' ಕಾದಂಬರಿಯನ್ನು ಪ್ರಕಟಿಸಿದರು.

ಹೆಂಗಸರಿಗಾಗಿ ಹೆಂಗಸೇ ಬರೆದು, ತಾನೇ ಪ್ರಕಾಶಕಿಯಾದದ್ದು ಈ ಕೃತಿಯ ಬಲ. ಪಾತಿವ್ರತ್ಯದ ಆದರ್ಶವನ್ನು ಪ್ರಶ್ನಿಸದಿರುವುದು ಕೊರತೆಯೇ ಸರಿ. ನಮ್ಮ ಧಾರಾವಾಹಿಗಳು ಇಂದಿಗೂ ಅದನ್ನು ದಾಟಿಲ್ಲ ಬಿಡಿ. ಆದರೂ ಹೀಗಳೆಯಲು ನನಗೆ ಬಾಯಿ ಬಾರದು. ತನಗೆ ದಕ್ಕದೆ ಹೋದ ದಾಂಪತ್ಯವನ್ನು ಆಕೆ ಓದುಗರಿಗೆ ಕಾಗದದ ಮೇಲೆ ಕಟ್ಟಿಕೊಟ್ಟರು. 1982ರವರೆಗೆ ಬದುಕಿದ್ದರು; ಬರವಣಿಗೆ ಮಾತ್ರ ದಶಕಗಳ ಹಿಂದೆಯೇ ನಿಂತಿತ್ತು.