ಕಲ್ಕತ್ತಾದಲ್ಲಿ ಜರ್ಮನ್ ಕಲಿತವರು

ಜರ್ಮನರು ಕನ್ನಡ ಕಲಿತ ಕಥೆ ನಮಗೆಲ್ಲ ಗೊತ್ತು. ಮೊಗ್ಲಿಂಗ್, ಕಿಟ್ಟೆಲ್‌ರ ಹೆಸರುಗಳನ್ನು ನಾವು ಈಗಲೂ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಭಾರತೀಯರು ಜರ್ಮನ್ ಕಲಿತ ಕಥೆಯನ್ನು ನಾವು ಅಷ್ಟಾಗಿ ಕೇಳಿಲ್ಲ. ಜರ್ಮನಿಗೆ ಕಾಲಿಡುವ ಮೊದಲೇ ಆ ಭಾಷೆಯನ್ನು ಓದಿ, ಅದರಿಂದ ಒಂದು ಹೊಸ ವಿಜ್ಞಾನವನ್ನೇ ದೇಶಕ್ಕೆ ತಂದುಕೊಟ್ಟ ಇಬ್ಬರು ಬಂಗಾಳಿ ಯುವಕರಿದ್ದರು. ಒಬ್ಬರು ಸತ್ಯೇಂದ್ರನಾಥ ಬೋಸ್, ಇನ್ನೊಬ್ಬರು ಮೇಘನಾದ ಸಹಾ.

ಇಬ್ಬರೂ 1915ರಲ್ಲಿ ಕಲ್ಕತ್ತಾದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದವರು. ಸಹಾ ಢಾಕಾ ಸಮೀಪದ ಹಳ್ಳಿಯೊಂದರ ಸಣ್ಣ ಅಂಗಡಿಕಾರನ ಮಗ. 1905ರಲ್ಲಿ ಗವರ್ನರನ ಭೇಟಿಯನ್ನು ಬಹಿಷ್ಕರಿಸಿದ್ದಕ್ಕಾಗಿ ಶಾಲೆಯಿಂದ ಹೊರಬಿದ್ದು ವಿದ್ಯಾರ್ಥಿವೇತನ ಕಳೆದುಕೊಂಡಿದ್ದರು. ಮುಂದೆ ಕಲ್ಕತ್ತಾದ ಹಾಸ್ಟೆಲಿನಲ್ಲಿ ಜಾತಿಯ ಅವಮಾನವನ್ನೂ ಉಂಡರು. ವಿದ್ಯೆಯೊಂದೇ ಅವರಿಗಿದ್ದ ಆಸ್ತಿ.

1916ರಲ್ಲಿ ಅಶುತೋಷ್ ಮುಖರ್ಜಿಯವರು ಈ ಇಬ್ಬರನ್ನೂ ಕಲ್ಕತ್ತಾ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿಗೆ ಸೇರಿಸಿಕೊಂಡರು. ಹೊಸ ಭೌತಶಾಸ್ತ್ರ ಕಲಿಸುವ ಹೊಣೆ ಅವರ ಹೆಗಲೇರಿತು. ಆದರೆ ಮೊದಲು ತಾವು ಕಲಿಯಬೇಕಲ್ಲ! ಪ್ಲಾಂಕ್, ಬೋಲ್ಟ್ಸ್‌ಮನ್, ಐನ್‌ಸ್ಟೈನ್ ಎಲ್ಲರೂ ಬರೆದದ್ದು ಜರ್ಮನ್ ಭಾಷೆಯಲ್ಲಿ. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಬ್ರಿಟಿಷರ ಶತ್ರು ದೇಶದ ಪುಸ್ತಕ, ಪತ್ರಿಕೆಗಳು ಭಾರತಕ್ಕೆ ಬರುವಂತಿರಲಿಲ್ಲ. ಶಿಬಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರ್ಯೂಲ್ ಎಂಬ ಪ್ರಾಧ್ಯಾಪಕರ ಬಳಿ ಜರ್ಮನ್ ಗ್ರಂಥಗಳಿದ್ದವು. ಅವರಿಂದ ಕಡ ತಂದು ಓದಿದರು. ಸಹಾ ಢಾಕಾದಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಜರ್ಮನ್ ಅನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಂಡಿದ್ದರು. ಬೋಸ್ ತಮ್ಮಷ್ಟಕ್ಕೆ ತಾವೇ ಕಲಿತರು.

ಅದು ಸುಲಭದ ಕೆಲಸವಲ್ಲ. ಜರ್ಮನ್ ವ್ಯಾಕರಣದಲ್ಲಿ ಪ್ರತಿ ನಾಮಪದಕ್ಕೂ ಒಂದು ಲಿಂಗವಿದೆ, ಅದಕ್ಕೆ ತರ್ಕ ಹುಡುಕಿದರೆ ಸಿಗದು. ಚಂದ್ರ ಪುಲ್ಲಿಂಗವಾದರೆ ಸೂರ್ಯ ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗ! ವಿಭಕ್ತಿಗಳು ನಾಲ್ಕೇ, ಆದರೆ ಅವುಗಳಿಗೆ ತಕ್ಕಂತೆ ನಾಮಪದದ ಹಿಂದೆ ಬರುವ ಪುಟ್ಟ ಪದವೂ ಗುಣವಾಚಕವೂ ರೂಪ ಬದಲಿಸುತ್ತವೆ. ಕೆಲವು ಕ್ರಿಯಾಪದಗಳು ಎರಡಾಗಿ ಸೀಳಿ, ತುಂಡೊಂದು ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ. ಅಲ್ಲಿಯವರೆಗೆ ಓದದೆ ಅರ್ಥ ಹೇಳುವಂತಿಲ್ಲ.

ಆದರೆ ನಮ್ಮ ಭಾಷೆಗಳಿಂದ ಹೋದವರಿಗೆ ಅಲ್ಲಿ ಒಂದಿಷ್ಟು ಪರಿಚಿತ ನೆಲವೂ ಸಿಗುತ್ತದೆ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಇಂಗ್ಲಿಷರಿಗೆ ವಿಚಿತ್ರವೆನಿಸಬಹುದು, ಬಂಗಾಳಿಗೂ ಕನ್ನಡಿಗನಿಗೂ ಅದು ಮನೆಯ ರೂಢಿ. ಜರ್ಮನ್ನಿನ ಉದ್ದುದ್ದ ಪದಗಳೂ ಅಷ್ಟೆ, ಸಮಾಸ ಬಿಡಿಸಬಲ್ಲವರಿಗೆ ಅವು ಹೆದರಿಕೆ ಹುಟ್ಟಿಸುವುದಿಲ್ಲ. 'ಲಿಶ್ಟ್' ಎಂದರೆ ಬೆಳಕು. ಅದಕ್ಕೆ 'ಕ್ವಾಂಟನ್' ಸೇರಿದರೆ ಬೆಳಕಿನ ಕಣಗಳು, 'ಹ್ಯುಪೊಥೇಸ'ವೂ ಸೇರಿದರೆ ಬೆಳಕಿನ ಕಣಗಳ ಕುರಿತ ಊಹೆ.

1919ರ ಮೇ 29ರ ಸೂರ್ಯಗ್ರಹಣದ ವೀಕ್ಷಣೆ ಐನ್‌ಸ್ಟೈನರ ಸಿದ್ಧಾಂತವನ್ನು ಸಮರ್ಥಿಸಿತು. ಜಗತ್ತೆಲ್ಲ ಅವರ ಹೆಸರು ಹೇಳತೊಡಗಿತು. ಬೋಸ್ ಮತ್ತು ಸಹಾ ಮೂಲ ಲೇಖನಗಳನ್ನೇ ಇಂಗ್ಲಿಷಿಗೆ ತರಲು ನಿರ್ಧರಿಸಿ ಐನ್‌ಸ್ಟೈನರಿಗೆ ಬರೆದು ಒಪ್ಪಿಗೆ ಪಡೆದರು. 1905ರ ಲೇಖನವನ್ನೂ ಮಿಂಕೋವ್‌ಸ್ಕಿಯ ಬರಹವನ್ನೂ ಸಹಾ ಅನುವಾದಿಸಿದರೆ, ಸಾರ್ವತ್ರಿಕ ಸಾಪೇಕ್ಷತೆಯ 1916ರ ಲೇಖನವನ್ನು ಬೋಸ್ ಅನುವಾದಿಸಿದರು. ಮಹಾಲನೋಬಿಸ್ ಪೀಠಿಕೆ ಬರೆದರು. 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಅದನ್ನು ಪ್ರಕಟಿಸಿತು. ಬರ್ಲಿನ್ನಿನ ಜ್ಞಾನ ಲಂಡನ್ನಿನ ಬಾಗಿಲಲ್ಲಿ ಕಾಯದೆ ನೇರವಾಗಿ ಕಲ್ಕತ್ತಾಕ್ಕೆ ಬಂದಿತ್ತು. ಆಳುವವರ ಭಾಷೆಯಲ್ಲಿ ಸಿಕ್ಕಿದಷ್ಟೇ ಜ್ಞಾನ ಎಂದು ನಂಬಿಸಲಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ.

ನಾಲ್ಕು ವರ್ಷಗಳ ನಂತರ ಬೋಸ್ ಢಾಕಾ ವಿಶ್ವವಿದ್ಯಾನಿಲಯದಲ್ಲಿದ್ದರು. ಪ್ಲಾಂಕರ ನಿಯಮವನ್ನು ಹೊಸ ದಾರಿಯಲ್ಲಿ ಸಾಧಿಸಿ ತೋರಿಸಿದ ಪುಟ್ಟ ಲೇಖನವೊಂದನ್ನು 1924ರ ಜೂನ್ 4ರಂದು ಐನ್‌ಸ್ಟೈನರಿಗೆ ಕಳುಹಿಸಿದರು. ಅದು ಇಂಗ್ಲಿಷಿನಲ್ಲಿತ್ತು. ಅನುವಾದಿಸುವಷ್ಟು ಜರ್ಮನ್ ತನಗೆ ಬಾರದು, ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಲು ನೆರವಾಗಿ ಎಂದು ಜತೆಗಿದ್ದ ಪತ್ರದಲ್ಲಿ ಕೇಳಿಕೊಂಡರು. ಹಿಂದೆ ತಮ್ಮ ಲೇಖನವನ್ನು ಅನುವಾದಿಸಿದವನು ತಾನೇ ಎಂದೂ ನೆನಪಿಸಿದರು.

ಈ ಮಾತಿನ ಮುಂದೆ ನಾವು ಒಂದು ಕ್ಷಣ ನಿಲ್ಲಬೇಕು. ಐನ್‌ಸ್ಟೈನರ ಅತ್ಯಂತ ಕ್ಲಿಷ್ಟ ಲೇಖನವನ್ನು ಜರ್ಮನ್ನಿನಿಂದ ಇಳಿಸಿದ ವ್ಯಕ್ತಿಯೇ ತನಗೆ ಸಾಕಷ್ಟು ಜರ್ಮನ್ ಬಾರದು ಎನ್ನುತ್ತಾರೆ. ಇದು ಬರಿಯ ವಿನಯವಾಗಿರಲಾರದು. ಓದಿ ತಿಳಿಯುವುದು ಬೇರೆ, ಬರೆಯುವುದು ಬೇರೆ ಎಂಬುದು ಸ್ವಂತವಾಗಿ ಭಾಷೆ ಕಲಿತವರಿಗೆಲ್ಲ ಗೊತ್ತು. ಅರೆಬರೆ ಭಾಷೆಯೆಂದು ನಾಚಿ ಕೈಕಟ್ಟಿ ಕೂತಿದ್ದರೆ 1920ರ ಆ ಪುಸ್ತಕವೂ ಬರುತ್ತಿರಲಿಲ್ಲ, ಪ್ರಾಯಶಃ ಈ ಪತ್ರವೂ ಹೋಗುತ್ತಿರಲಿಲ್ಲ.

ಐನ್‌ಸ್ಟೈನರು ಆ ಲೇಖನವನ್ನು ತಮ್ಮ ಕೈಯಾರೆ ಜರ್ಮನ್ನಿಗೆ ಅನುವಾದಿಸಿ ಅದೇ ವರ್ಷ ಪ್ರಕಟಿಸಿದರು, ಇದೊಂದು ಮಹತ್ವದ ಮುನ್ನಡೆ ಎಂಬ ಟಿಪ್ಪಣಿಯನ್ನೂ ಸೇರಿಸಿದರು. ಇಂದು ಒಂದು ಬಗೆಯ ಮೂಲಕಣಗಳಿಗೆ 'ಬೋಸಾನ್' ಎಂಬ ಹೆಸರಿರುವುದು ಆ ಕೆಲಸದ ನೆನಪಿಗೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ವಿಜ್ಞಾನಕ್ಕಾಗಿ ಪರಭಾಷೆಯ ವ್ಯಾಕರಣದೊಡನೆ ಗುದ್ದಾಡಿದ್ದ ಬೋಸ್, 1948ರಲ್ಲಿ ವಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ ಬಂಗಾಳಿಯಲ್ಲೇ ವಿಜ್ಞಾನದ ಮಾಸಪತ್ರಿಕೆ ಹೊರಡಿಸಲು ಕಾರಣರಾದರು. ತಮಗಾದ ಕಷ್ಟ ಮುಂದಿನವರಿಗೆ ಬೇಡವೆಂಬ ಕಾಳಜಿ ಅದರಲ್ಲಿದ್ದಿರಬೇಕು. ಇಂಗ್ಲಿಷ್ ಬಾರದೆಂದು ಕುಗ್ಗುವ ನಮ್ಮ ಮಕ್ಕಳಿಗೆ ಈ ಇಬ್ಬರ ಕಥೆಯನ್ನು ಹೇಳಬೇಕು. ಕನ್ನಡದಲ್ಲಿ ವಿಜ್ಞಾನ ಸಾಧ್ಯವೇ ಎಂದು ಕೇಳುವ ಹಿರಿಯರಿಗೂ.